ಓದಲು ಮಾತ್ರ ಎಂದಿದ್ದ ಫೈಲ್ ಡಿಲೀಟ್ ಆದದ್ದು ಹೇಗೆ?

ಪ್ರಶ್ನೆ: ಒಂದು ಸಣ್ಣ ಕಚೇರಿಯಲ್ಲಿ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಹೊಸದಾಗಿ ಸೇರಿದ್ದೇನೆ. ಎರಡು ಸಂಗತಿ ತಲೆ ಕೆಡಿಸಿವೆ. ಲಿನಕ್ಸ್ ಸರ್ವರ್‌ನಲ್ಲಿ ನನ್ನ ಒಂದು ಫೈಲನ್ನು ಯಾರೂ ಮುಟ್ಟಬಾರದೆಂದು ರೀಡ್-ಓನ್ಲಿ ಮಾಡಿಟ್ಟಿದ್ದೆ. ಆದರೂ ಸಹೋದ್ಯೋಗಿಯೊಬ್ಬರು ಅದನ್ನು ಡಿಲೀಟ್ ಮಾಡಿದರು. ಸಿಸ್ಟಮ್ ತಡೆಯಲೇ ಇಲ್ಲ. ಇನ್ನೊಂದು, ನಮ್ಮ ವೆಬ್ ಅಪ್ಲಿಕೇಶನ್‌ನಲ್ಲಿ ಲಾಗಿನ್ ಆಗಿ, ಮೇಲಿನ ವಿಳಾಸದಲ್ಲಿರುವ ಅಂಕಿಯನ್ನು ಬದಲಿಸಿದರೆ ಬೇರೆ ಗ್ರಾಹಕರ ಬಿಲ್ ಕಾಣಿಸುತ್ತದೆ. ಪಾಸ್‌ವರ್ಡ್ ಗಟ್ಟಿಯಾಗಿದೆ, ಒಟಿಪಿಯೂ ಇದೆ. ಹಾಗಿದ್ದೂ ಹೀಗೇಕೆ? ಯಾರು ಏನು ಮಾಡಬಹುದು ಎಂದು ಕಂಪ್ಯೂಟರ್ ತೀರ್ಮಾನಿಸುವುದು ಹೇಗೆ?

ಉತ್ತರ: ನೀವು ಕೇಳಿದ್ದು ಎರಡು ಪ್ರಶ್ನೆ, ಆದರೆ ಎರಡರ ಬೇರೂ ಒಂದೇ. ಎರಡೂ ಕಡೆ ಕಂಪ್ಯೂಟರ್ ತಪ್ಪು ಉತ್ತರ ಕೊಟ್ಟಿಲ್ಲ. ಫೈಲ್ ವಿಷಯದಲ್ಲಿ ನೀವು ಅಂದುಕೊಂಡದ್ದನ್ನು ಬಿಟ್ಟು ಬೇರೆ ಪ್ರಶ್ನೆಯನ್ನು ಅದು ಕೇಳಿತು. ಬಿಲ್ ವಿಷಯದಲ್ಲಿ ಯಾರೂ ಏನನ್ನೂ ಕೇಳಲೇ ಇಲ್ಲ. ಆಕ್ಸೆಸ್ ಕಂಟ್ರೋಲ್ ಅಂದರೆ ಮೂಲದಲ್ಲಿ ಇಷ್ಟೇ: ಯಾರು, ಯಾವುದರ ಮೇಲೆ, ಏನು ಮಾಡಲು ಹೊರಟಿದ್ದಾರೆ ಎಂದು ಪ್ರತಿ ಸಲ ಕೇಳುವುದು, ಸರಿ ಎನಿಸಿದರೆ ಮಾತ್ರ ಬಿಡುವುದು. ಈ ಪ್ರಶ್ನೆಯನ್ನು ಎಲ್ಲಿ ಕೇಳಬೇಕು, ಯಾರು ಕೇಳಬೇಕು ಎನ್ನುವುದರಲ್ಲೇ ಕಷ್ಟವೆಲ್ಲ ಇದೆ.

ಮೊದಲು ಲಾಗಿನ್ ವಿಷಯ ಮುಗಿಸಿಬಿಡೋಣ. ಪಾಸ್‌ವರ್ಡ್, ಒಟಿಪಿ, ಬೆರಳಚ್ಚು, ಇವೆಲ್ಲ "ನೀವು ಯಾರು" ಎಂಬುದನ್ನು ಖಚಿತ ಮಾಡಿಕೊಳ್ಳುವ ಕೆಲಸ. ಇದಕ್ಕೆ ಅಥೆಂಟಿಕೇಶನ್ ಎನ್ನುತ್ತಾರೆ. "ನೀವು ಇದನ್ನು ಮಾಡಬಹುದಾ" ಎನ್ನುವುದು ಬೇರೆಯೇ ವಿಷಯ, ಅದು ಆಥರೈಸೇಶನ್. ಮೊದಲನೆಯದು ಸಾಮಾನ್ಯವಾಗಿ ದಿನಕ್ಕೊಮ್ಮೆ ಆಗುತ್ತದೆ. ಎರಡನೆಯದು ನೀವು ಒಂದು ಫೈಲ್ ತೆರೆದಾಗ, ಒಂದು ಪುಟ ಕೇಳಿದಾಗ, ಒಂದು ಬಟನ್ ಒತ್ತಿದಾಗ, ಪ್ರತಿ ಸಲವೂ ಆಗಬೇಕು. ಹೆಸರುಗಳು ಒಂದೇ ಥರ ಕೇಳಿಸುವುದರಿಂದ ಜನ ಎರಡನ್ನೂ ಬೆರೆಸಿಬಿಡುತ್ತಾರೆ. ನಿಮ್ಮ ಒಟಿಪಿ ಎಷ್ಟು ಗಟ್ಟಿಯಾಗಿದ್ದರೂ ಬಿಲ್ ಸೋರಿದ್ದು ಇದೇ ಕಾರಣಕ್ಕೆ. ಬಂದವರು ಯಾರೆಂದು ನಿಮ್ಮ ಅಪ್ಲಿಕೇಶನ್‌ಗೆ ಚೆನ್ನಾಗಿ ಗೊತ್ತಿತ್ತು. ಆ ಬಿಲ್ ಅವರದೇನಾ ಎಂದು ಮಾತ್ರ ಅದು ನೋಡಲಿಲ್ಲ.

ಈಗ ಆ ತೀರ್ಮಾನ ಎಲ್ಲಿ ಬರೆದಿರುತ್ತದೆ ಎನ್ನುವುದನ್ನು ನೋಡೋಣ. 1971ರಲ್ಲಿ ಬಟ್ಲರ್ ಲ್ಯಾಂಪ್ಸನ್ ಎಂಬ ಕಂಪ್ಯೂಟರ್ ವಿಜ್ಞಾನಿ ಇದನ್ನು ಒಂದು ಕೋಷ್ಟಕದ ರೂಪದಲ್ಲಿ ತೋರಿಸಿದರು. ದೊಡ್ಡದೊಂದು ಚೌಕುಳಿ ಹಾಳೆಯನ್ನು ಊಹಿಸಿಕೊಳ್ಳಿ. ಎಡಗಡೆ ಮೇಲಿಂದ ಕೆಳಗೆ ಬಳಕೆದಾರರ ಮತ್ತು ಪ್ರೋಗ್ರಾಮ್‌ಗಳ ಹೆಸರು. ಮೇಲ್ಗಡೆ ಅಡ್ಡಲಾಗಿ ಫೈಲ್, ಪ್ರಿಂಟರ್ ಮೊದಲಾದ ವಸ್ತುಗಳ ಹೆಸರು. ಎರಡೂ ಕೂಡುವ ಮನೆಯಲ್ಲಿ "ಓದಬಹುದು", "ಬರೆಯಬಹುದು" ಎಂಬ ಹಕ್ಕುಗಳು. ಯಾವ ಆಕ್ಸೆಸ್ ಕಂಟ್ರೋಲ್ ವ್ಯವಸ್ಥೆಯನ್ನು ನೋಡಿದರೂ ಒಳಗೆ ಈ ಹಾಳೆಯ ನೆರಳು ಸಿಗುತ್ತದೆ.

ಆದರೆ ಇಡೀ ಹಾಳೆಯನ್ನು ಯಾರೂ ಹಾಗೇ ಇಟ್ಟುಕೊಳ್ಳುವುದಿಲ್ಲ. ಸಾವಿರ ಬಳಕೆದಾರರು, ಹತ್ತು ಲಕ್ಷ ಫೈಲ್ ಇದ್ದರೆ ನೂರು ಕೋಟಿ ಮನೆಗಳಾಗುತ್ತವೆ. ಅದರಲ್ಲಿ ಬಹುಪಾಲು ಖಾಲಿ. ಹಾಗಾಗಿ ಹಾಳೆಯನ್ನು ಕತ್ತರಿಸಿ ಹಂಚುತ್ತಾರೆ. ಕತ್ತರಿಸಲು ಎರಡೇ ದಾರಿ. ಉದ್ದುದ್ದ ಸೀಳಿದರೆ ಪ್ರತಿ ವಸ್ತುವಿನ ಜೊತೆ ಒಂದು ಪಟ್ಟಿ ಉಳಿಯುತ್ತದೆ: "ನನ್ನನ್ನು ಇಂಥವರು ಓದಬಹುದು, ಇಂಥವರು ಬದಲಿಸಬಹುದು." ಇದು ಆಕ್ಸೆಸ್ ಕಂಟ್ರೋಲ್ ಲಿಸ್ಟ್. ಅಡ್ಡಡ್ಡ ಸೀಳಿದರೆ ಪ್ರತಿ ಬಳಕೆದಾರರ ಕೈಯಲ್ಲಿ ಚೀಟಿಗಳ ಒಂದು ಕಟ್ಟು ಉಳಿಯುತ್ತದೆ. ಚೀಟಿ ತೋರಿಸಿದವರಿಗೆ ಕೆಲಸ ಆಗುತ್ತದೆ. ಈ ಚೀಟಿಗೆ ಕೇಪಬಿಲಿಟಿ ಎಂಬ ಹೆಸರು. ಈ ಹೆಸರನ್ನು 1966ರಲ್ಲೇ ಜ್ಯಾಕ್ ಡೆನ್ನಿಸ್ ಮತ್ತು ಅರ್ಲ್ ವ್ಯಾನ್ ಹಾರ್ನ್ ಬಳಸಿದ್ದರು.

ಇದರಲ್ಲಿ ಯಾವುದು ಮೇಲು ಎಂಬ ವಾದ ಇನ್ನೂ ಮುಗಿದಿಲ್ಲ. ಪಟ್ಟಿ ಇದ್ದರೆ "ಈ ಫೈಲನ್ನು ಯಾರು ಯಾರು ನೋಡಬಹುದು" ಎಂಬ ಪ್ರಶ್ನೆಗೆ ತಕ್ಷಣ ಉತ್ತರ ಸಿಗುತ್ತದೆ. "ಈ ಮನುಷ್ಯ ಏನೇನು ನೋಡಬಹುದು" ಎಂದು ತಿಳಿಯಬೇಕಾದರೆ ಎಲ್ಲ ಫೈಲ್‌ಗಳನ್ನೂ ತಡಕಬೇಕು. ಚೀಟಿಯದು ಇದರ ತಿರುಗಾಮುರುಗಾ. ಚೀಟಿಯನ್ನು ಇನ್ನೊಬ್ಬರಿಗೆ ಕೊಡುವುದು ಸುಲಭ, ವಾಪಸ್ ಪಡೆಯುವುದು ಕಷ್ಟ. ಆನ್‌ಲೈನ್‌ನಲ್ಲಿ ಒಂದು ದಾಖಲೆಯನ್ನು "ಲಿಂಕ್ ಇರುವ ಯಾರಾದರೂ ನೋಡಬಹುದು" ಎಂದು ಹಂಚುತ್ತೀರಲ್ಲ, ಅದು ಹೆಚ್ಚುಕಡಿಮೆ ಚೀಟಿಯೇ. ಅದೇ ದಾಖಲೆಗೆ ನಾಲ್ಕು ಜನರ ಇಮೇಲ್ ಸೇರಿಸಿ ಹಂಚಿದರೆ ಅದು ಪಟ್ಟಿ. ಎರಡೂ ಒಂದೇ ಕಿಟಕಿಯಲ್ಲಿ ಅಕ್ಕಪಕ್ಕ ಇರುವುದರಿಂದ ಜನರಿಗೆ ವ್ಯತ್ಯಾಸ ಹೊಳೆಯುವುದಿಲ್ಲ. ಪಟ್ಟಿ ಹಾಕಿ ಹಂಚಿದ ಲಿಂಕ್ ಬೇರೆಯವರ ಕೈಗೆ ಹೋದರೂ ತೆರೆಯುವುದಿಲ್ಲ. ಚೀಟಿಯಾಗಿ ಹಂಚಿದ್ದು ಯಾವ ಗ್ರೂಪ್‌ಗೆ ಫಾರ್ವರ್ಡ್ ಆದರೂ ತೆರೆಯುತ್ತದೆ.

ಇನ್ನು, ಕೇಳುವವರು ಯಾರು? ನಿಮ್ಮ ಲಿನಕ್ಸ್ ಸರ್ವರ್‌ನಲ್ಲಿ ಕರ್ನೆಲ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು. ಯಾವ ಸಾಮಾನ್ಯ ಪ್ರೋಗ್ರಾಮ್‌ಗೂ ಡಿಸ್ಕನ್ನು ನೇರವಾಗಿ ಮುಟ್ಟುವ ಶಕ್ತಿ ಇರುವುದಿಲ್ಲ. ಪ್ರೊಸೆಸರ್ ಬಿಡುವುದಿಲ್ಲ. "ಈ ಫೈಲ್ ತೆರೆದುಕೊಡು" ಎಂದು ಕರ್ನೆಲ್ಲನ್ನು ಕೇಳಲೇಬೇಕು. ಆ ಕೇಳುವ ಜಾಗದಲ್ಲೇ ತಪಾಸಣೆ ನಡೆಯುತ್ತದೆ. 1972ರಲ್ಲಿ ಜೇಮ್ಸ್ ಆಂಡರ್ಸನ್ ಅಮೆರಿಕದ ವಾಯುಪಡೆಗೆ ಕೊಟ್ಟ ವರದಿಯಲ್ಲಿ ಇಂಥ ಕಾವಲುಗಾರನಿಗೆ ರೆಫರೆನ್ಸ್ ಮಾನಿಟರ್ ಎಂಬ ಹೆಸರಿದೆ. ಅದಕ್ಕೆ ಮೂರು ಗುಣ ಬೇಕು ಎಂದಿದ್ದರು. ಅದನ್ನು ತಪ್ಪಿಸಿಕೊಂಡು ಹೋಗಲು ಪಕ್ಕದ ದಾರಿ ಇರಬಾರದು. ಅದನ್ನು ಯಾರೂ ತಿದ್ದಲು ಆಗಬಾರದು. ಸರಿಯಾಗಿದೆಯೇ ಎಂದು ಪೂರ್ತಿ ಪರೀಕ್ಷಿಸುವಷ್ಟು ಚಿಕ್ಕದಾಗಿರಬೇಕು. ಐವತ್ತು ವರ್ಷ ದಾಟಿದರೂ ನಾನು ಹೊಸ ವ್ಯವಸ್ಥೆಯೊಂದನ್ನು ನೋಡುವಾಗ ಮೊದಲು ಅಳೆಯುವುದು ಈ ಮೂರರಲ್ಲೇ. ನಿಮ್ಮ ಬಿಲ್ಲಿನ ಕಥೆ ಬಂದಾಗ ಮೊದಲನೆಯ ಗುಣವನ್ನು ಮತ್ತೆ ನೆನಪಿಸುತ್ತೇನೆ.

ನೀವು ಲಾಗಿನ್ ಆದಾಗ ಕರ್ನೆಲ್ ನಿಮ್ಮ ಹೆಸರನ್ನು ನೆನಪಿಟ್ಟುಕೊಳ್ಳುವುದಿಲ್ಲ. ನಿಮ್ಮ ಪ್ರೋಗ್ರಾಮ್‌ಗೆ ಒಂದು ಸಂಖ್ಯೆ ಅಂಟಿಸುತ್ತದೆ, ಅದೇ ಯೂಸರ್ ಐಡಿ. ಜೊತೆಗೆ ನೀವು ಸೇರಿರುವ ಗುಂಪುಗಳ ಸಂಖ್ಯೆ. ಆ ಪ್ರೋಗ್ರಾಮ್ ಹುಟ್ಟಿಸಿದ ಪ್ರೋಗ್ರಾಮ್‌ಗಳಿಗೂ ಅದೇ ಸಂಖ್ಯೆ ಬಳುವಳಿಯಾಗಿ ಹೋಗುತ್ತದೆ. ಫೈಲಿನ ಕಡೆ ಒಬ್ಬ ಮಾಲೀಕ, ಒಂದು ಗುಂಪು ಮತ್ತು ಒಂಬತ್ತು ಬಿಟ್‌ಗಳು. ಮಾಲೀಕನಿಗೆ ಮೂರು, ಗುಂಪಿಗೆ ಮೂರು, ಉಳಿದವರಿಗೆ ಮೂರು. ಓದುವುದಕ್ಕೆ 4, ಬರೆಯುವುದಕ್ಕೆ 2, ಓಡಿಸುವುದಕ್ಕೆ 1. ಅದನ್ನೇ ಕೂಡಿಸಿ 644, 755 ಎಂದೆಲ್ಲ ಬರೆಯುತ್ತೇವೆ. 644 ಅಂದರೆ ಮಾಲೀಕ ಓದಬಹುದು, ಬರೆಯಬಹುದು. ಉಳಿದವರು ಓದಬಹುದು ಅಷ್ಟೇ.

ಇಲ್ಲಿ ಒಂದು ಸೂಕ್ಷ್ಮ ಇದೆ. ನೀವು ಮಾಲೀಕರಾಗಿದ್ದರೆ ಕರ್ನೆಲ್ ಮಾಲೀಕನ ಮೂರು ಬಿಟ್‌ಗಳನ್ನು ಮಾತ್ರ ನೋಡುತ್ತದೆ. ಅಲ್ಲಿ "ಇಲ್ಲ" ಎಂದಿದ್ದರೆ ಮುಗಿಯಿತು. ಗುಂಪಿಗೆ ಅನುಮತಿ ಇದೆಯಾ ಎಂದು ಮುಂದೆ ಹೋಗಿ ನೋಡುವುದಿಲ್ಲ. ಹಾಗಾಗಿ 077 ಎಂದು ಇಟ್ಟರೆ ಊರಿಗೆಲ್ಲ ತೆರೆದ ಫೈಲ್ ಮಾಲೀಕನಿಗೆ ಮಾತ್ರ ಮುಚ್ಚಿರುತ್ತದೆ. ಬೇಕಿದ್ದರೆ ಒಂದು ಖಾಲಿ ಫೈಲ್ ಮೇಲೆ ಮಾಡಿ ನೋಡಿ. ರೂಟ್ ಆಗಿ, ಅಂದರೆ ಎಲ್ಲ ಅಧಿಕಾರವೂ ಇರುವ ಆಡಳಿತ ಖಾತೆಯಿಂದ, ಮಾತ್ರ ನೋಡಬೇಡಿ, ರೂಟ್‌ಗೆ ಈ ಬಿಟ್‌ಗಳು ಓದು-ಬರಹದಲ್ಲಿ ಅಡ್ಡ ಬರುವುದಿಲ್ಲ.

ಸರಿ, ನಿಮ್ಮ ಫೈಲ್ ಹೇಗೆ ಹೋಯಿತು? ಲಿನಕ್ಸ್ ಸೇರಿದಂತೆ ಯುನಿಕ್ಸ್ ಜಾತಿಯ ಸಿಸ್ಟಮ್‌ಗಳಲ್ಲಿ ಫೈಲಿನ ಹೆಸರು ಫೈಲಿನೊಳಗೆ ಇರುವುದಿಲ್ಲ. ಅದು ಡೈರೆಕ್ಟರಿಯಲ್ಲಿ ಇರುತ್ತದೆ. ಡೈರೆಕ್ಟರಿ ಎನ್ನುವುದು ಹೆಸರುಗಳನ್ನು ಬರೆದಿಟ್ಟ ಒಂದು ಪುಸ್ತಕ: "ಈ ಹೆಸರಿನದು ಇಲ್ಲಿದೆ." ಡಿಲೀಟ್ ಮಾಡುವುದು ಅಂದರೆ ಆ ಪುಸ್ತಕದಿಂದ ಒಂದು ಸಾಲನ್ನು ಹೊಡೆದುಹಾಕುವುದು. ಅದಕ್ಕೆ ಬೇಕಾದದ್ದು ಪುಸ್ತಕದಲ್ಲಿ ಬರೆಯುವ ಹಕ್ಕು, ಅಂದರೆ ಡೈರೆಕ್ಟರಿಯ ಮೇಲಿನ ರೈಟ್ ಅನುಮತಿ. ಫೈಲಿನ ಮೇಲಿನ ಅನುಮತಿಯನ್ನು ಕರ್ನೆಲ್ ಕೇಳುವುದೇ ಇಲ್ಲ, ಏಕೆಂದರೆ ಫೈಲಿನ ಒಳಗಿನ ಒಂದಕ್ಷರವನ್ನೂ ಅಲ್ಲಿ ಬದಲಿಸುತ್ತಿಲ್ಲ. ನಿಮ್ಮ ಸಹೋದ್ಯೋಗಿಗೆ "ಇದು ರೈಟ್-ಪ್ರೊಟೆಕ್ಟೆಡ್, ಅಳಿಸಲಾ?" ಎಂದು ಪರದೆಯ ಮೇಲೆ ಒಂದು ಸಾಲು ಬಂದಿರಬಹುದು. ಅದನ್ನು ಕೇಳಿದ್ದು ಆರ್‌ಎಂ ಕಮಾಂಡ್, ಸೌಜನ್ಯಕ್ಕೆ. ಕರ್ನೆಲ್ಲಿನ ತಡೆ ಅದಲ್ಲ. ವೈ ಒತ್ತಿದರೆ ಹೋಯಿತು.

ಇದು ದೋಷ ಎಂದು ನನಗೆ ಅನಿಸುವುದಿಲ್ಲ. ನಿಯಮ ಅಚ್ಚುಕಟ್ಟಾಗಿದೆ, ನಮ್ಮ ಊಹೆ ಅದಕ್ಕೆ ಹೊಂದುವುದಿಲ್ಲ ಅಷ್ಟೇ. ಪರಿಹಾರವೂ ಸುಲಭ. ಹಲವರು ಹಂಚಿಕೊಳ್ಳುವ ಡೈರೆಕ್ಟರಿಗೆ ಸ್ಟಿಕಿ ಬಿಟ್ ಹಾಕಿ, ಅಂದರೆ ಪರ್ಮಿಷನ್ ಸಂಖ್ಯೆಯ ಮುಂದೆ ಒಂದು 1 ಸೇರಿಸಿ. 770 ಇದ್ದದ್ದು 1770 ಆಗುತ್ತದೆ. ಆಮೇಲೆ ಒಬ್ಬರ ಫೈಲನ್ನು ಅಳಿಸಲು ಆ ಫೈಲಿನ ಮಾಲೀಕ, ಡೈರೆಕ್ಟರಿಯ ಮಾಲೀಕ, ಇಲ್ಲವೇ ರೂಟ್‌ಗೆ ಮಾತ್ರ ಸಾಧ್ಯ. ಎಲ್ಲರೂ ಬಳಸುವ ಟಿಎಂಪಿ ಡೈರೆಕ್ಟರಿ 1777 ಆಗಿರುವುದು ಇದಕ್ಕೇ. ಒಮ್ಮೆ ls -ld /tmp ಎಂದು ಕೊಟ್ಟು ನೋಡಿದರೆ ಪರ್ಮಿಷನ್ ಅಕ್ಷರಗಳ ಕೊನೆಯಲ್ಲಿ ಒಂದು 'ಟಿ' ಕಾಣುತ್ತದೆ.

ಫೈಲ್ ವಿಷಯದಲ್ಲೇ ಇನ್ನೊಂದು ಮಾತು, ಏಕೆಂದರೆ ಮುಂದೆ ನೀವು ಇದರಲ್ಲಿ ಖಂಡಿತ ಎಡವುತ್ತೀರಿ. ಕರ್ನೆಲ್ ಅನುಮತಿ ನೋಡುವುದು ಫೈಲ್ ತೆರೆಯುವಾಗ. ತೆರೆದ ಮೇಲೆ ಪ್ರೋಗ್ರಾಮ್‌ನ ಕೈಗೆ ಒಂದು ಫೈಲ್ ಡಿಸ್ಕ್ರಿಪ್ಟರ್ ಸಿಗುತ್ತದೆ. ಅದೂ ಒಂದು ಚೀಟಿಯೇ. ಆಮೇಲೆ ನೀವು ಪರ್ಮಿಷನ್ ಕಿತ್ತುಹಾಕಿದರೂ ಈಗಾಗಲೇ ತೆರೆದಿರುವ ಪ್ರೋಗ್ರಾಮ್ ಓದುತ್ತಲೇ ಇರುತ್ತದೆ. ಯಾರಿಗಾದರೂ ಈ ಕ್ಷಣದಿಂದ ಬೇಡ ಎಂದಾಗ ಅವರ ಪ್ರೋಗ್ರಾಮ್‌ಗಳನ್ನೂ ನಿಲ್ಲಿಸಬೇಕು. ವೆಬ್‌ನಲ್ಲೂ ಇದೇ ಕಥೆ. ಕೆಲಸ ಬಿಟ್ಟವರ ಪಾಸ್‌ವರ್ಡ್ ಬದಲಿಸಿದರೆ ಸಾಕೆಂದು ಸುಮ್ನೆ ಕೂತರೆ, ಅವರ ಫೋನಿನಲ್ಲಿರುವ ಹಳೆಯ ಸೆಷನ್ ಟೋಕನ್, ಅಂದರೆ ಲಾಗಿನ್ ಆದಾಗ ಸಿಕ್ಕ ಚೀಟಿ, ಅವಧಿ ಮುಗಿಯುವ ತನಕ ನಡೆಯುತ್ತಿರಬಹುದು.

ವಿಂಡೋಸ್‌ನಲ್ಲಿ ಒಂಬತ್ತು ಬಿಟ್‌ಗಳ ಬದಲು ನಿಜವಾದ ಪಟ್ಟಿಯೇ ಇರುತ್ತದೆ. ಅದರಲ್ಲಿ "ಬೇಡ" ಎಂಬ ಸಾಲುಗಳೂ ಇರಬಹುದು. ಪಟ್ಟಿಯನ್ನು ಮೇಲಿಂದ ಕೆಳಗೆ ಓದುವುದರಿಂದ ಬೇಡಗಳನ್ನು ಮೊದಲು ಇಡುತ್ತಾರೆ. ಅಲ್ಲಿ ನನಗೆ ಸದಾ ಎಚ್ಚರ ಹೇಳಬೇಕೆನಿಸುವ ಒಂದು ಜಾಗವಿದೆ. ಪಟ್ಟಿ ಇದ್ದು ಅದು ಖಾಲಿ ಇದ್ದರೆ ಅದು ಯಾರಿಗೂ ಪ್ರವೇಶ ಕೊಡುವುದಿಲ್ಲ. ಪಟ್ಟಿಯೇ ಇಲ್ಲದಿದ್ದರೆ ಎಲ್ಲರಿಗೂ ಎಲ್ಲವೂ ತೆರೆದಿರುತ್ತದೆ. ಕೇಳಲು ಒಂದೇ ಥರ ಇದ್ದರೂ ಪರಿಣಾಮ ಪೂರ್ತಿ ಉಲ್ಟಾ.

ಈಗ ಬಿಲ್ಲಿಗೆ ಬರೋಣ. ನಿಮ್ಮ ಎರಡು ತೊಂದರೆಗಳಲ್ಲಿ ಜಾಸ್ತಿ ಗಂಭೀರವಾದದ್ದು ಇದು.

ವೆಬ್ ಅಪ್ಲಿಕೇಶನ್ ಓಡುವಾಗ ಕರ್ನೆಲ್ಲಿಗೆ ನಿಮ್ಮ ಗ್ರಾಹಕರ ಪರಿಚಯವೇ ಇರುವುದಿಲ್ಲ. ಅದಕ್ಕೆ ಕಾಣುವುದು ವೆಬ್ ಸರ್ವರ್ ಎಂಬ ಒಬ್ಬನೇ ಬಳಕೆದಾರ. ಡೇಟಾಬೇಸಿಗೂ ಅಷ್ಟೇ. ಸಾವಿರ ಗ್ರಾಹಕರು ಬಂದರೂ ಅಪ್ಲಿಕೇಶನ್ ಸಾಮಾನ್ಯವಾಗಿ ಒಂದೇ ಖಾತೆಯಿಂದ ಡೇಟಾಬೇಸಿಗೆ ಹೋಗುತ್ತದೆ, ಆ ಖಾತೆಗೆ ಎಲ್ಲರ ಬಿಲ್ಲೂ ಕಾಣುತ್ತದೆ. ಆಪರೇಟಿಂಗ್ ಸಿಸ್ಟಮ್ ದಶಕಗಳಿಂದ ಕಟ್ಟಿಕೊಂಡು ಬಂದ ಕಾವಲು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಯಾರ ಬಿಲ್ ಯಾರಿಗೆ ಎಂದು ಕೇಳುವ ಹೊಣೆ ಪೂರ್ತಿ ಕೋಡ್ ಬರೆದವರ ಮೇಲೆ ಬೀಳುತ್ತದೆ. ಪ್ರತಿ ಪುಟದಲ್ಲಿ, ಬೇರೆ ಪ್ರೋಗ್ರಾಮ್‌ಗಳು ಮಾಹಿತಿ ಕೇಳುವ ಪ್ರತಿ ಎಪಿಐನಲ್ಲಿ ನೆನಪಿಟ್ಟು ಕೇಳಬೇಕು. ನೂರು ಕಡೆ ಕೇಳಿ ಒಂದು ಕಡೆ ಮರೆತರೂ ಅದೇ ಪಕ್ಕದ ದಾರಿ. ಆಂಡರ್ಸನ್ ಹೇಳಿದ ಮೊದಲ ಗುಣ ಮುರಿಯುವುದು ಇಲ್ಲೇ.

ಇದು ನಿಮ್ಮೊಬ್ಬರ ಕಷ್ಟ ಅಂದುಕೊಳ್ಳಬೇಡಿ. ವೆಬ್ ಸುರಕ್ಷತೆಗಾಗಿ ದುಡಿಯುವ ಓವಾಸ್ಪ್ ಸಂಸ್ಥೆ ದೊಡ್ಡ ಹತ್ತು ಅಪಾಯಗಳ ಪಟ್ಟಿ ಮಾಡುತ್ತದೆ. 2017ರ ಪಟ್ಟಿಯಲ್ಲಿ ಆಕ್ಸೆಸ್ ಕಂಟ್ರೋಲ್ ಲೋಪ ಐದನೆಯದಾಗಿತ್ತು. 2021ರಲ್ಲಿ ಅದು ಮೊದಲನೆಯ ಸ್ಥಾನಕ್ಕೆ ಬಂತು. 2019ರಲ್ಲಿ ಅಮೆರಿಕದ ಫಸ್ಟ್ ಅಮೆರಿಕನ್ ಎಂಬ ಕಂಪನಿಯ ಜಾಲತಾಣದಲ್ಲಿ ಸುಮಾರು 88.5 ಕೋಟಿ ದಾಖಲೆಗಳು ತೆರೆದುಕೊಂಡಿದ್ದವು ಎಂದು ವರದಿಯಾಯಿತು. ಮನೆ ಕೊಳ್ಳುವವರ ಬ್ಯಾಂಕ್ ವಿವರಗಳೂ ಅದರಲ್ಲಿದ್ದವು. ಅಲ್ಲಿ ಆದದ್ದೂ ಇದೇ: ವಿಳಾಸದಲ್ಲಿದ್ದ ದಾಖಲೆಯ ಸಂಖ್ಯೆ ಬದಲಿಸಿದರೆ ಇನ್ನೊಬ್ಬರ ಕಾಗದ ಬರುತ್ತಿತ್ತು. ಯಾರೂ ಬೀಗ ಒಡೆದಿರಲಿಲ್ಲ.

ನಿಮ್ಮ ಅಪ್ಲಿಕೇಶನ್ ಈ ಜಾಗದಲ್ಲಿ ಒಬ್ಬ ಪ್ರತಿನಿಧಿ ಇದ್ದ ಹಾಗೆ. ಅವನ ಕೈಯಲ್ಲಿ ದೊಡ್ಡ ಅಧಿಕಾರ ಇದೆ. ಕೆಲಸ ಮಾಡುವುದು ಮಾತ್ರ ಬೇರೆಯವರು ಹೇಳಿದಂತೆ. ಈ ಅಪಾಯವನ್ನು 1988ರಲ್ಲಿ ನಾರ್ಮ್ ಹಾರ್ಡಿ ಒಂದು ನಿಜ ಘಟನೆಯಿಂದ ವಿವರಿಸಿದರು. ಹಲವರು ಹಣ ಕೊಟ್ಟು ಬಳಸುತ್ತಿದ್ದ ಒಂದು ಕಂಪ್ಯೂಟರ್‌ನಲ್ಲಿ ಕಂಪೈಲರ್, ಅಂದರೆ ಬರೆದ ಕೋಡನ್ನು ಯಂತ್ರಕ್ಕೆ ಅರ್ಥವಾಗುವಂತೆ ಬದಲಿಸುವ ಪ್ರೋಗ್ರಾಮ್, ಇತ್ತು. ಬಳಕೆಯ ಲೆಕ್ಕ ಬರೆಯಲು ಅದಕ್ಕೆ ಸಿಸ್ಟಮ್ ಡೈರೆಕ್ಟರಿಯಲ್ಲಿ ಬರೆಯುವ ಹಕ್ಕು ಕೊಟ್ಟಿದ್ದರು. ಶುಲ್ಕದ ಫೈಲ್ ಇದ್ದದ್ದೂ ಅಲ್ಲೇ. ಕಂಪೈಲರ್ ತನ್ನ ಡಿಬಗ್ ಮಾಹಿತಿಯನ್ನು, ಅಂದರೆ ತಪ್ಪು ಹುಡುಕಲು ನೆರವಾಗುವ ವಿವರವನ್ನು, ಬಳಕೆದಾರರು ಹೇಳಿದ ಫೈಲಿನಲ್ಲಿ ಬರೆಯುತ್ತಿತ್ತು. ಯಾರೋ ಶುಲ್ಕದ ಫೈಲಿನ ಹೆಸರನ್ನೇ ಕೊಟ್ಟರು. ಬಳಕೆದಾರನಿಗೆ ಆ ಫೈಲ್ ಮುಟ್ಟುವ ಹಕ್ಕಿರಲಿಲ್ಲ, ಕಂಪೈಲರ್‌ಗೆ ಇತ್ತು. ಅದು ಬರೆಯಿತು, ಶುಲ್ಕದ ಲೆಕ್ಕ ಅಳಿಸಿಹೋಯಿತು. ಗೊಂದಲಕ್ಕೆ ಬಿದ್ದ ಪ್ರತಿನಿಧಿ ಎಂದು ಹಾರ್ಡಿ ಇದನ್ನು ಕರೆದರು. ಯಾರ ಅಧಿಕಾರದಲ್ಲಿ ಕೆಲಸ ಮಾಡುತ್ತಿದ್ದೇನೆ ಎಂಬ ಪ್ರಶ್ನೆ ಆ ಕಂಪೈಲರ್‌ನೊಳಗೆ ಇರಲೇ ಇಲ್ಲ. ನಿಮ್ಮ ಬಿಲ್ಲಿನ ಪುಟದಲ್ಲೂ ಇಲ್ಲ.

ತಿದ್ದುವುದು ಹೇಗೆ? ಮೊದಲು, ಏನು ಮಾಡಬಾರದು ಎಂದು ಹೇಳುತ್ತೇನೆ. ಬಟನ್ ಮರೆಮಾಡುವುದು ನಿಯಂತ್ರಣ ಅಲ್ಲ. ಬ್ರೌಸರ್‌ನಲ್ಲಿ ಕಾಣದ್ದನ್ನು ಕೈಯಿಂದ ಬರೆದು ಕಳಿಸಬಹುದು. 1041, 1042 ಎಂಬ ಅಂಕಿಗಳ ಬದಲು ಊಹಿಸಲಾಗದ ಉದ್ದನೆಯ ಸಂಖ್ಯೆ ಇಡಿ ಎಂದು ನಿಮಗೆ ಯಾರಾದರೂ ಹೇಳುತ್ತಾರೆ. ಇಟ್ಟರೆ ಒಳ್ಳೆಯದೇ, ಆದರೆ ಅಷ್ಟಕ್ಕೇ ನಿಲ್ಲಬೇಡಿ. ಆಗ ಆ ವಿಳಾಸವೇ ಚೀಟಿಯಾಗುತ್ತದೆ. ವಿಳಾಸಗಳು ಬ್ರೌಸರ್ ಹಿಸ್ಟರಿಯಲ್ಲಿ, ಲಾಗ್‌ಗಳಲ್ಲಿ, ಫಾರ್ವರ್ಡ್ ಮಾಡಿದ ಇಮೇಲ್‌ಗಳಲ್ಲಿ ಉಳಿಯುತ್ತವೆ.

ನಿಜವಾದ ತಿದ್ದುಪಡಿ ಡೇಟಾಬೇಸಿಗೆ ಕಳಿಸುವ ಕ್ವೆರಿಯಲ್ಲಿದೆ. "ಈ ಸಂಖ್ಯೆಯ ಬಿಲ್ ಕೊಡು" ಎಂದು ಕೇಳುವುದನ್ನು ನಿಲ್ಲಿಸಿ. "ಈ ಸಂಖ್ಯೆಯ, ಈಗ ಲಾಗಿನ್ ಆಗಿರುವ ಗ್ರಾಹಕರದೇ ಆದ ಬಿಲ್ ಕೊಡು" ಎಂದು ಕೇಳಿ. ಗ್ರಾಹಕರು ಯಾರು ಎಂಬುದು ಸರ್ವರ್‌ನಲ್ಲಿರುವ ಸೆಷನ್‌ನಿಂದ ಬರಬೇಕು. ಬ್ರೌಸರ್ ಕಳಿಸಿದ್ದನ್ನು ನಂಬಬೇಡಿ, ಅದನ್ನೂ ಬದಲಿಸಬಹುದು ಅಲ್ವಾ. ಹಾಗೆ ಕೇಳಿದಾಗ ಬಿಲ್ ಸಿಗದಿದ್ದರೆ "ಸಿಗಲಿಲ್ಲ" ಎನ್ನಿ. "ನಿಮಗೆ ಅನುಮತಿ ಇಲ್ಲ" ಎಂದರೆ ಆ ಸಂಖ್ಯೆಯ ಬಿಲ್ ಇದೆ ಎಂದು ನೀವೇ ಹೇಳಿಕೊಟ್ಟ ಹಾಗೆ. ಆಮೇಲೆ ಈ ತಪಾಸಣೆಯನ್ನು ಎಲ್ಲ ಪುಟಗಳಿಗೂ ಹಂಚಿಬಿಡದೆ ಒಂದೇ ಕಡೆ ತನ್ನಿ, ಡೇಟಾ ತರುವ ಕೋಡ್ ಅದನ್ನು ದಾಟದೆ ಹೋಗಲು ಆಗಬಾರದು. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಬಳಸುತ್ತಿದ್ದರೆ ಇನ್ನೂ ಒಂದು ದಾರಿ ಇದೆ. 9.5ನೇ ಆವೃತ್ತಿಯಿಂದ ಅದರಲ್ಲಿ ರೋ-ಲೆವೆಲ್ ಸೆಕ್ಯುರಿಟಿ ಬಂದಿದೆ. ಯಾವ ಸಾಲು ಯಾರಿಗೆ ಕಾಣಬೇಕೆಂಬ ನಿಯಮವನ್ನು ಡೇಟಾಬೇಸಿನಲ್ಲೇ ಬರೆಯಬಹುದು. ಅಪ್ಲಿಕೇಶನ್ ಆ ಟೇಬಲ್‌ನ ಮಾಲೀಕನ ಖಾತೆಯಿಂದ ಹೋಗದಂತೆ ನೋಡಿಕೊಳ್ಳಿ, ಏಕೆಂದರೆ ಮಾಲೀಕನಿಗೆ ಆ ನಿಯಮ ತಾನಾಗಿ ಅನ್ವಯಿಸುವುದಿಲ್ಲ.

1975ರಲ್ಲಿ ಜೆರೋಮ್ ಸಾಲ್ಟ್ಜರ್ ಮತ್ತು ಮೈಕಲ್ ಶ್ರೋಡರ್ ಸುರಕ್ಷತೆಯ ಎಂಟು ಸೂತ್ರ ಬರೆದರು. ಪ್ರತಿ ಸಲ ಕೇಳು ಎಂಬುದು ಅದರಲ್ಲೊಂದು. ಇನ್ನೊಂದು, ನಿಯಮ ಇಲ್ಲದ ಕಡೆ ಉತ್ತರ "ಬೇಡ" ಆಗಿರಲಿ ಎನ್ನುವುದು. ಇದರ ಕಾರಣ ನನಗೆ ತುಂಬ ಇಷ್ಟ. "ಬೇಡ" ಎಂದು ತಪ್ಪಾಗಿ ಹೇಳಿದರೆ ಬಳಕೆದಾರರು ಕೂಡಲೇ ದೂರುತ್ತಾರೆ, ನೀವು ತಿದ್ದುತ್ತೀರಿ. "ಸರಿ" ಎಂದು ತಪ್ಪಾಗಿ ಹೇಳಿದರೆ ಯಾರೂ ದೂರುವುದಿಲ್ಲ. ನಿಮ್ಮ ಬಿಲ್ ಪುಟ ಇಷ್ಟು ದಿನ ಹಾಗೇ ನಡೆದದ್ದು ಇದಕ್ಕೇ. ಮೂರನೆಯದು, ಕೆಲಸಕ್ಕೆ ಬೇಕಾದಷ್ಟೇ ಹಕ್ಕು ಕೊಡು ಎನ್ನುವುದು. ಹೇಳಲು ಸುಲಭ. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ, ಮೂರು ವಿಭಾಗ ದಾಟಿ ಬಂದ ಒಬ್ಬರಿಗೆ ಮೂರರ ಹಕ್ಕುಗಳೂ ಉಳಿದುಬಿಟ್ಟಿದ್ದವು. ಬಿಲ್ ಬರೆಯುವುದೂ ಅವರೇ, ಒಪ್ಪುವುದೂ ಅವರೇ ಆಗಬಹುದಿತ್ತು. ಅವರು ದುರುಪಯೋಗ ಮಾಡಲಿಲ್ಲ, ಆದರೆ ತಡೆಯಲು ಅಲ್ಲಿ ಏನೂ ಇರಲಿಲ್ಲ. ಹಕ್ಕನ್ನು ಮನುಷ್ಯರಿಗೆ ನೇರವಾಗಿ ಕೊಡದೆ ಹುದ್ದೆಗೆ ಕೊಡಬೇಕು, ಹುದ್ದೆ ಬದಲಾದಾಗ ಹಕ್ಕೂ ಬದಲಾಗಬೇಕು ಎನ್ನುವ ರೋಲ್ ಆಧಾರಿತ ಪದ್ಧತಿಯನ್ನು 1992ರಲ್ಲಿ ಡೇವಿಡ್ ಫೆರಾಯೊಲೊ ಮತ್ತು ರಿಚರ್ಡ್ ಕುನ್ ವಿವರಿಸಿದ್ದು ಇಂಥ ತೊಂದರೆಗಾಗಿಯೇ. ನಿಮ್ಮ ಕಚೇರಿ ಚಿಕ್ಕದು ಎಂದಿದ್ದೀರಿ. ನಾಲ್ಕೈದು ರೋಲ್ ಸಾಕು. ಜಾಸ್ತಿ ಮಾಡಿದರೆ ಯಾವುದರಲ್ಲಿ ಏನಿದೆ ಎಂದು ನಿಮಗೇ ನೆನಪಿರುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಒಂದು ಬಿರುಕು ಉಳಿಯುತ್ತದೆ. ನೀವು ಓಡಿಸಿದ ಪ್ರೋಗ್ರಾಮ್‌ಗೆ ನಿಮ್ಮದೆಲ್ಲ ಹಕ್ಕೂ ಹೋಗುತ್ತದೆ ಎಂದೆನಲ್ಲ. ಇಮೇಲ್‌ನಲ್ಲಿ ಬಂದ ಕೆಟ್ಟ ಪ್ರೋಗ್ರಾಮ್ ಒಂದನ್ನು ತೆರೆದರೆ ಅದೂ ನಿಮ್ಮ ಹೆಸರಿನಲ್ಲೇ ನಿಮ್ಮ ಫೈಲ್‌ಗಳನ್ನೆಲ್ಲ ಓದಬಹುದು. ಕರ್ನೆಲ್ಲಿಗೆ ಅದು ನೀವೇ. ಆಂಡ್ರಾಯ್ಡ್ ಇದಕ್ಕೆ ಕಂಡುಕೊಂಡ ದಾರಿ ಚೆಂದ. ಅದು ಲಿನಕ್ಸ್‌ನ ಹಳೆಯ ಯೂಸರ್ ಐಡಿಯನ್ನೇ ತೆಗೆದುಕೊಂಡು ಸಾಮಾನ್ಯವಾಗಿ ಪ್ರತಿ ಆ್ಯಪ್‌ಗೂ ಬೇರೆ ಬೇರೆ ಸಂಖ್ಯೆ ಕೊಟ್ಟಿತು. ಒಂದು ಆ್ಯಪ್‌ಗೆ ಇನ್ನೊಂದರ ಫೈಲ್ ಕಾಣದು. ಅದರ ಮೇಲೆ ಎಸ್‌ಇಲಿನಕ್ಸ್ ಎಂಬ ಇನ್ನೊಂದು ಪದರ ಇದೆ. ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎ ಅದನ್ನು 2000ನೇ ಇಸವಿಯಲ್ಲಿ ಹೊರಗೆ ಬಿಟ್ಟಿತು. ಅದರ ನಿಯಮಗಳನ್ನು ಫೈಲಿನ ಮಾಲೀಕನೂ ಸಡಿಲಿಸಲು ಆಗದು. ನಿಮ್ಮ ಸರ್ವರ್‌ನಲ್ಲೂ ಅದು ಇರಬಹುದು. ಏನೋ ನಡೆಯುತ್ತಿಲ್ಲ ಎಂದಾಗ ಅದನ್ನು ಪೂರ್ತಿ ಆಫ್ ಮಾಡಿ ಎಂಬ ಸಲಹೆ ಸಿಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ, ಅದರ ಲಾಗ್ ಓದಿ ಬೇಕಾದ ಒಂದು ನಿಯಮ ಸೇರಿಸಿ.

ಸ್ಟಿಕಿ ಬಿಟ್‌ಗೆ ಒಂದು ನಿಮಿಷ ಸಾಕು. ಬಿಲ್ ಪುಟವನ್ನು ಮಾತ್ರ ನಾಳೆಗೆ ಬಿಡಬೇಡಿ. ತಿದ್ದಲು ಸಮಯ ಬೇಕಾದರೆ ಆ ಪುಟವನ್ನು ಅಷ್ಟು ಹೊತ್ತು ಮುಚ್ಚಿಡಿ. ತಿದ್ದಿದ ಮೇಲೆ ಎರಡು ಪರೀಕ್ಷಾ ಖಾತೆ ಮಾಡಿ. ಒಂದರ ಬಿಲ್, ರಸೀದಿ, ಪಿಡಿಎಫ್ ಡೌನ್‌ಲೋಡ್ ವಿಳಾಸಗಳನ್ನೆಲ್ಲ ಇನ್ನೊಂದರಿಂದ ತೆರೆದು ನೋಡಿ. ಪಿಡಿಎಫ್ ದಾರಿಯನ್ನು ಮರೆಯುವವರೇ ಜಾಸ್ತಿ. ಕೊನೆಗೆ ವೆಬ್ ಸರ್ವರ್‌ನ ಹಳೆಯ ಲಾಗ್‌ಗಳನ್ನು ಅಳಿಸದೆ ಎತ್ತಿಡಿ. ಅದರಲ್ಲಿ ಒಂದೇ ಖಾತೆಯಿಂದ ಬಿಲ್ ಸಂಖ್ಯೆಗಳು ಒಂದೊಂದಾಗಿ ಏರುತ್ತಾ ಹೋಗಿವೆಯೇ ಎಂದು ಹುಡುಕಿ. ಹಾಗೆ ಕಂಡರೆ ನಿಮಗಿಂತ ಮೊದಲೇ ಯಾರೋ ಆ ಅಂಕಿಯನ್ನು ಬದಲಿಸಿ ನೋಡಿದ್ದಾರೆ. ಆಗ ಆ ಗ್ರಾಹಕರಿಗೆ ವಿಷಯ ತಿಳಿಸಬೇಕಾಗುತ್ತದೆ.